ಚಿಲಕವಿಲ್ಲದ ಮನೆತನ

ನಾನು ಬೀಗದವನ ಮಗಳು. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಅಂಗಡಿಯ ಅರವೂ ಸ್ಕ್ರೂಡ್ರೈವರೂ ನನ್ನ ಕೈಗೆ ಬಂದವು. ಬಂದ ಮೇಲೆ ಬಿಟ್ಟು ಹೋಗಲಿಲ್ಲ. ಬೇರೆ ಹೆಂಗಸರು ಯಾರದಾದರೂ ಮನೆಗೆ ಹೋದರೆ ಪರದೆ ನೋಡುತ್ತಾರೆ, ಪಾತ್ರೆ ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಚಿಲಕಕ್ಕೆ. ಚಿಲಕ ನೋಡಿದರೆ ಆ ಮನೆಯವರು ಎಷ್ಟು ಪುಕ್ಕಲರು, ಎಷ್ಟು ಜಿಪುಣರು, ಒಳಗೆ ಯಾರಿಗೆ ಯಾರ ಮೇಲೆ ನಂಬಿಕೆಯಿಲ್ಲ ಎಲ್ಲ ತಿಳಿಯುತ್ತದೆ. ಅಂಥವಳನ್ನು ತಂದು, ಹಿತ್ತಿಲ ಬಾಗಿಲಿಗೆ ಚಿಲಕವೇ ಇಲ್ಲದ ಮನೆಗೆ ಸೊಸೆ ಮಾಡಿದರು.

ಮುಂಬಾಗಿಲಿಗೆ ಎರಡು ಬೀಗ, ಕಿಟಕಿಗೆಲ್ಲ ಸರಳು. ಹಿಂದಿನ ಬಾಗಿಲನ್ನು ಮಾತ್ರ ಬೆಕ್ಕು ತಲೆಯಿಂದ ನೂಕಿದರೂ ತೆರೆದುಕೊಳ್ಳುತ್ತಿತ್ತು. ಮದುವೆಯಾದ ಹೊಸದರಲ್ಲೇ ನಾನು ಒಂದು ಒಳ್ಳೆಯ ಹಿತ್ತಾಳೆ ಚಿಲಕ ಹಿಡಿದು ನಿಂತೆ. ಗಂಡ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಮೆಲ್ಲಗೆ ಕಪಾಟಿನಲ್ಲಿಟ್ಟ. ಅವನು ಬಸ್ ಓಡಿಸುವವನು, ಮಾತು ಕಡಿಮೆ.

"ನಮ್ಮಲ್ಲಿ ಹಾಕಲ್ಲ," ಅಂದ.

"ಯಾಕೆ?"

"ಹಾಕಲ್ಲ ಅಷ್ಟೆ. ಅಪ್ಪನ್ನ ಕೇಳು."

ಮಾವನನ್ನು ಕೇಳಿದರೆ, "ಮರ ಉಬ್ಬುತ್ತಮ್ಮ, ಚಿಲಕ ಕೂರಲ್ಲ," ಅಂದರು. ಆ ಮರ ಉಬ್ಬುವ ಜಾತಿಯದೇ ಅಲ್ಲ. ನಾನು ಹಲ್ಲು ಕಚ್ಚಿ ಸುಮ್ಮನಾದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ, ಹಾಗಾಯಿತು ನನ್ನ ಕಥೆ. ಬೀಗ ಹಾಕಿಸಿಕೊಳ್ಳಲು ಬಂದ ಗಿರಾಕಿಗಳಿಗೆ ಗೊತ್ತಾಗದಿದ್ದರೆ ಸಾಕು ಎಂದು ಹಿತ್ತಿಲಿಗೆ ಯಾರನ್ನೂ ಬಿಡುತ್ತಿರಲಿಲ್ಲ.

ಮಾವ ನಕ್ಷೆ ಬರೆಯುವ ಕಚೇರಿಯಲ್ಲಿ ಇದ್ದವರು. ನಿವೃತ್ತರಾದ ಮೇಲೆ ಕೈ ಸುಮ್ಮನಿರದೆ, ಊಟದ ಕೋಣೆಯ ಗೋಡೆಯುದ್ದಕ್ಕೂ ಒಂದು ನಕ್ಷೆ ಅಂಟಿಸಿ ಅದರ ಮೇಲೆ ಕೆಂಪು ತಲೆಯ ಗುಂಡುಸೂಜಿ ಚುಚ್ಚುತ್ತ ಕೂತರು. ನನ್ನ ಮಗಳು ಅವರನ್ನು ಸೂಜಿತಾತ ಎಂದೇ ಕರೆಯುವುದು. ಒಂದೊಂದು ಸೂಜಿಯೂ ನಮ್ಮ ಅಡ್ಡಹೆಸರಿನ ಒಂದು ಮನೆ. ಆ ಹೆಸರು ಅಪರೂಪದ್ದು. ಯಾರಿಗೆ ಹೇಳಿದರೂ "ಏನಂದ್ರಿ?" ಎಂದು ಇನ್ನೊಮ್ಮೆ ಕೇಳುತ್ತಾರೆ. ಅರ್ಥ ಯಾರಿಗೂ ಗೊತ್ತಿಲ್ಲ, ಯಾವ ಭಾಷೆಯದೆಂದೂ ಗೊತ್ತಿಲ್ಲ. ಹಳೆಯ ಟೆಲಿಫೋನ್ ಪುಸ್ತಕಗಳನ್ನು ತಿರುವಿ, ಹಳೇ ಸಹೋದ್ಯೋಗಿಗಳನ್ನು ಪೀಡಿಸಿ, ಮಾವ ಒಂದೊಂದೇ ಮನೆ ಹುಡುಕುತ್ತಿದ್ದರು.

ಸೂಜಿಗಳು ಹೆಚ್ಚಾದಂತೆ ಒಂದು ವಿಚಿತ್ರ ಕಾಣಿಸಿತು. ಬೇರೆ ಹೆಸರಿನವರು ಒಂದು ಊರಲ್ಲಿ ಗುಂಪಾಗಿ ಇರುತ್ತಾರೆ, ಇಲ್ಲವೇ ಅಲ್ಲೊಬ್ಬ ಇಲ್ಲೊಬ್ಬ ಚದುರಿರುತ್ತಾರೆ. ನಮ್ಮವರು ಹಾಗಲ್ಲ. ನದಿ ಪಕ್ಕದ ಹಳೇ ರಸ್ತೆಯ ಉದ್ದಕ್ಕೂ ಒಂದರ ಹಿಂದೆ ಒಂದು, ಸಾಲಾಗಿ. ಒಂದು ಊರಿಗೆ ಒಂದೇ ಮನೆ. ದೂರದ ದೊಡ್ಡ ಪಟ್ಟಣಗಳಿಗೆ ಹೋದವರೂ ಇದ್ದರು, ಆದರೆ ಅವರ ಸೂಜಿ ನಿಲ್ಲುತ್ತಿರಲಿಲ್ಲ. ಒಬ್ಬನಿಗೆ ಮಕ್ಕಳಾಗಲಿಲ್ಲ, ಇನ್ನೊಬ್ಬ ಹೆಸರನ್ನೇ ಬದಲಾಯಿಸಿಕೊಂಡ, ಮತ್ತೊಬ್ಬ ಕೆಲಸ ಬಿಟ್ಟು ಹಳೇ ರಸ್ತೆಯ ಯಾವುದೋ ಊರಿಗೆ ವಾಪಸು ಬಂದ. ಮಾವ ಆ ಸೂಜಿ ಕಿತ್ತು ಡಬ್ಬಿಗೆ ಹಾಕುವಾಗ ಟಿಕ್ ಎಂದು ಶಬ್ದ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಮಾವ ಮನೆಮನೆಗೂ ಹೋಗಿ ನೋಡಿಬರೋಣ ಎಂದು ಹಟ ಹಿಡಿದರು. ಗಂಡನಿಗೆ ರಜೆ ಸಿಗಲಿಲ್ಲ. ಮಾವ, ನಾನು, ನನ್ನ ಮಗಳು ಪಿಟೀಲು ಹೊರಟೆವು. ಪಿಟೀಲು ಅವಳ ನಿಜವಾದ ಹೆಸರಲ್ಲ. ತೊಟ್ಟಿಲಲ್ಲಿ ಒಂದೇ ರಾಗದಲ್ಲಿ ಅಳುತ್ತಿದ್ದಳು, ಅದಕ್ಕೆ ಅವಳಪ್ಪ ಇಟ್ಟ ಹೆಸರು. ಈಗ ಶಾಲೆಗೆ ಸೇರಿದ್ದಾಳೆ, ರಾಗ ಮಾತ್ರ ಬಿಟ್ಟಿಲ್ಲ.

ಮಾವ ಹೋದಲ್ಲೆಲ್ಲ ವಂಶಾವಳಿ ಕೇಳುತ್ತಿದ್ದರು. ನಾನು ಸೀದಾ ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದೆ. ಮೊದಲ ಮನೆಯಲ್ಲಿ ಚಿಲಕ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯ ಕಡೆ ಚೌಕಟ್ಟಿನ ಮೇಲೆ ಬೆರಳಾಡಿಸಿ ನೋಡಿದೆ. ಹಳೇ ಮೊಳೆಯ ತೂತೂ ಇಲ್ಲ, ಮೇಣ ತುಂಬಿ ಮುಚ್ಚಿದ ಗುರುತೂ ಇಲ್ಲ. ಎಂದೂ ಹಾಕಿರಲೇ ಇಲ್ಲ. ಕೇಳಿದರೆ ಒಬ್ಬರು ಬೆಕ್ಕು ಓಡಾಡಲಿ ಎಂದರು. ಇನ್ನೊಬ್ಬರು, ಅಜ್ಜನಿಗೆ ಬೆಂಕಿಯ ಭಯ ಇತ್ತು, ಓಡಿ ಹೋಗಲು ಒಂದು ಬಾಗಿಲು ಬೇಕೆನ್ನುತ್ತಿದ್ದ ಎಂದರು. ಒಬ್ಬ ಮೇಷ್ಟ್ರು ಗಾಳಿಯ ಬಗ್ಗೆ ಪಾಠವನ್ನೇ ಮಾಡಿದರು. ಇವರಲ್ಲಿ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೂ ಬಾಗಿಲು ಒಂದೇ. ಕಾರಣಗಳು ಮಾತ್ರ ಬೇರೆ ಬೇರೆ.

"ಮಾವ, ನಿಮ್ಮ ವಂಶದಲ್ಲಿ ಎಲ್ಲರಿಗೂ ಮೂಗು ಒಂದೇ ಥರ ಇಲ್ಲ, ಹಿತ್ತಿಲ ಬಾಗಿಲು ಮಾತ್ರ ಒಂದೇ ಥರ ಇದೆ," ಅಂದೆ ಬಸ್ಸಿನಲ್ಲಿ.

ಅವರು ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿದರು.

ಕೊನೆಗೆ ಹೋದದ್ದು ನಮ್ಮ ಪಕ್ಕದ ಸೂಜಿಗೆ, ಹಳೇ ರಸ್ತೆಯಲ್ಲಿ ನಮ್ಮಿಂದ ಪಡುವಣಕ್ಕಿರುವ ಮನೆಗೆ. ಅವರದು ಹಿಟ್ಟಿನ ಗಿರಣಿ. ಯಜಮಾನರು ಮಾವನಿಗೆ ದೂರದ ದಾಯಾದಿ. ಅವರೂ ಮಗನೂ ಗಿರಣಿಯ ಸದ್ದಿನಲ್ಲಿ ಮುಳುಗಿದ್ದರು, ಮಾವ ಅವರ ಹತ್ತಿರ ಗಿರಣಿಗೇ ಹೋದರು, ಮನೆಯಲ್ಲಿ ಸೊಸೆ ಒಬ್ಬಳೇ, ಎದೆಗೆ ಹಸುಗೂಸು. ಹಿತ್ತಿಲ ಬಾಗಿಲ ಕಡೆ ನಾನು ನೋಡಿದ್ದನ್ನು ಅವಳು ನೋಡಿದಳು.

"ನಿಮಗೂ ಹಾಗೇ ಅನ್ನಿಸುತ್ತಾ ಅಕ್ಕ? ನಾನು ಬಂದಾಗಿಂದ ಚಿಲಕ ಹಾಕ್ಸಿ ಅಂತ ಹೇಳ್ತಿದೀನಿ. ಕೂಸು ಇಟ್ಕೊಂಡು ಒಬ್ಬಳೇ ಇರ್ತೀನಿ. ಇವರಿಗೆ ತಲೆಗೆ ಹೋಗಲ್ಲ."

ಹೊರಗಿನಿಂದ ಬಂದ ಸೊಸೆಯ ಸಂಕಟ ಇನ್ನೊಬ್ಬ ಸೊಸೆಗೆ ಬಿಟ್ಟರೆ ಯಾರಿಗೆ ಗೊತ್ತು. ಚೀಲದಲ್ಲಿ ಚಿಲಕ ಇತ್ತು, ನನ್ನ ಮನೆಗೆ ಬೇಡವಾದ ಅದೇ ಹಿತ್ತಾಳೆಯದು, ಹೊರಡುವಾಗ ಕಪಾಟಿನಿಂದ ತೆಗೆದು ಸ್ಕ್ರೂಡ್ರೈವರ್ ಜೊತೆ ಹಾಕಿಕೊಂಡಿದ್ದೆ. ಕೂಸಿಗೆ ಉಡುಗೊರೆ ಅಂದುಕೊಳ್ಳಿ ಎಂದು ಹೇಳಿ ಅಲ್ಲೇ ಕೂತು ಹಾಕಿದೆ. ಒಳಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಸದ್ದಿಲ್ಲದೆ ಜಾರುವ ತನಕ ಆಡಿಸಿದೆ. ಸೊಸೆ ಅದನ್ನು ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿ ಕಣ್ಣೊರೆಸಿಕೊಂಡಳು. ನನಗೂ ಎಷ್ಟೋ ವರ್ಷದ ಕೈತುರಿಕೆ ಇಳಿದಂತಾಯಿತು.

ಪಿಟೀಲು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಹೀಗೆ ಮಾಡಿದ್ರೆ ಅಕ್ಕ ಹೇಗೆ ಬರ್ತಾಳೆ?"

"ಯಾವ ಅಕ್ಕ?"

"ಅಕ್ಕ," ಅಂದಳು, ಅದಕ್ಕಿಂತ ಇನ್ನೇನು ಹೇಳಬೇಕು ಎಂಬಂತೆ. ಗಿರಣಿ ಮನೆಯ ಸೊಸೆಯ ಬಗ್ಗೆಯೇ ಕೇಳುತ್ತಿದ್ದಾಳೆ ಅಂದುಕೊಂಡು, ಮುಂಬಾಗಿಲಿಂದ ಬರ್ತಾಳೆ ಬಿಡು ಎಂದೆ.

ಮನೆಗೆ ಮರಳಿದ ಮೇಲೆ ಎಲ್ಲ ಎಂದಿನಂತೆಯೇ ಇತ್ತು. ಪಿಟೀಲು ಮೊದಲಿನಿಂದಲೂ ಹಾಸಿಗೆಯ ಒಂದು ಅಂಚಿಗೆ ಒತ್ತಿ ಮಲಗುವವಳು. ಪಕ್ಕದಲ್ಲಿ ಇನ್ನೊಬ್ಬರು ಮಲಗುವಷ್ಟು ಜಾಗ ಬಿಡುತ್ತಿದ್ದಳು. ಬೀಳ್ತೀಯ ಎಂದು ಎಳೆದು ನಡುವೆ ಮಲಗಿಸಿದರೂ ಬೆಳಗಾಗುವಾಗ ಅಂಚಿನಲ್ಲೇ. ಮಕ್ಕಳ ಚಾಳಿ ಎಂದು ಬಿಟ್ಟುಬಿಟ್ಟಿದ್ದೆ. ಈಗ ಆ ಖಾಲಿ ಜಾಗದ ಕಡೆ ತಿರುಗಿ ಪಿಸಪಿಸ ಮಾತಾಡತೊಡಗಿದಳು.

ಒಂದು ಬೆಳಿಗ್ಗೆ ಎಬ್ಬಿಸಲು ಹೋದರೆ, "ಕಾಲು ಒತ್ತು ಅಮ್ಮ," ಅಂದಳು. ಹಾಸಿಗೆಯ ತುದಿಗೆ ಕೂತು ಅವಳ ಕಾಲು ಹಿಡಿದೆ.

"ನಂದಲ್ಲ. ಅವಳದು."

"ಯಾರದು?"

"ಅಕ್ಕಂದು. ಗಿರಣಿ ಮನೇಲಿ ಬಾಗಿಲು ತೆಗೀಲಿಲ್ಲವಂತೆ. ಹೊರಗೇ ಕೂತಿದ್ಲಂತೆ. ವಾಪಸು ನಡ್ಕೊಂಡು ಬಂದಿದಾಳೆ."

ಆಟಕ್ಕೆ ಆಟ ಎಂದು ನಾನು ನಗುತ್ತಲೇ ಪಕ್ಕದ ಹೊದಿಕೆಯನ್ನು ಒತ್ತಿದೆ. ಕೈಗೆ ಏನೂ ಸಿಗಲಿಲ್ಲ. ಆದರೆ ಬಟ್ಟೆ ಒದ್ದೆಯಾಗಿತ್ತು, ತಣ್ಣಗಿತ್ತು. ಹೊದಿಕೆ ಸರಿಸಿ ನೋಡಿದರೆ ಹಾಸಿಗೆಯ ಕಾಲ್ದೆಸೆಯಲ್ಲಿ ಒಂದು ಹಿಡಿ ನದಿಯ ಮರಳು. ಪಿಟೀಲುವಿನ ಪಾದ ನೋಡಿದೆ. ರಾತ್ರಿ ನಾನೇ ತೊಳೆದ ಪಾದ, ತೊಳೆದ ಹಾಗೇ ಇತ್ತು.

ಗಂಡ ಕೆಲಸ ಮುಗಿಸಿ ಬಂದಾಗ ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನನಗೂ ಒಬ್ಬಳು ಇದ್ದಳು, ಚಿಕ್ಕವನಿದ್ದಾಗ," ಅಂದ. "ಮರೆತೇ ಹೋಗಿತ್ತು."

"ಒಬ್ಬಳು ಇದ್ದಳು ಅಂದ್ರೆ ಏನು?"

"ಬರ್ತಿದ್ದಳು, ಮಲಗ್ತಿದ್ದಳು, ಹೋಗ್ತಿದ್ದಳು. ಒಂದು ಸಲ ಈ ಕಡೆಯಿಂದ, ಒಂದು ಸಲ ಆ ಕಡೆಯಿಂದ. ಹಲ್ಲು ಬೀಳೋ ವಯಸ್ಸಿಗೆ ಕಾಣೋದು ನಿಂತುಹೋಯ್ತು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಇಷ್ಟು ದೊಡ್ಡ ಮಾತನ್ನು ಉಪ್ಪಿನ ಡಬ್ಬಿ ಕೊಡು ಎನ್ನುವ ದನಿಯಲ್ಲಿ ಹೇಳಿದ ಗಂಡನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಹೆದರುವುದಕ್ಕೂ ಪುರುಸೊತ್ತಾಗಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿಬಿಟ್ಟೆ.

ಮಾವನಿಗೂ ಆ ದಿನಗಳಲ್ಲಿ ನಿದ್ದೆ ಇರಲಿಲ್ಲ. ಅವರ ತಲೆ ತಿನ್ನುತ್ತಿದ್ದುದು ಬೇರೆ. ಒಂದು ಮಧ್ಯಾಹ್ನ ನನ್ನನ್ನು ಕರೆದು ನಕ್ಷೆಯ ಮುಂದೆ ನಿಲ್ಲಿಸಿದರು. ಕೈಯಲ್ಲಿ ಕೈವಾರ ಇತ್ತು. ಒಂದು ಕಾಲನ್ನು ಮೊದಲ ಸೂಜಿಯ ಮೇಲಿಟ್ಟು, ಇನ್ನೊಂದನ್ನು ಎರಡನೆಯದರ ಮೇಲಿಟ್ಟು, ಅಷ್ಟೇ ಅಗಲಕ್ಕೆ ಹಿಡಿದು ರಸ್ತೆಗುಂಟ ತಿರುಗಿಸುತ್ತ ಹೋದರು. ಕೈವಾರ ಸೂಜಿಯಿಂದ ಸೂಜಿಗೆ ನಡೆದುಹೋಯಿತು. ಒಂದು ಕಡೆ ಮಾತ್ರ ಅದರ ಕಾಲು ಬರಿಯ ಕಾಗದದ ಮೇಲೆ ಬಿತ್ತು, ಮತ್ತೊಮ್ಮೆಯೂ ಬರಿಯ ಕಾಗದದ ಮೇಲೆ ಬಿತ್ತು, ಅದರಾಚೆ ಮತ್ತೆ ಸೂಜಿ.

"ಎಲ್ಲಾ ಸಮ," ಅಂದರು. "ನಾವು ಕೆಲಸ ಸಿಕ್ತು ಅಂತ ಬಂದ್ವಿ, ಅವರು ನೀರು ಚೆನ್ನಾಗಿದೆ ಅಂತ ಹೋದರು, ಇನ್ನೊಬ್ಬ ಹೆಂಡತಿ ಊರು ಅಂತ ಹೋದ. ಯಾರೂ ಅಳೆದು ಹೋಗಿಲ್ಲ. ಆದರೂ ಸಮ. ಅದಕ್ಕಿಂತ ವಿಚಿತ್ರ ಅಂದ್ರೆ, ಇದು ಯಾರ ಅಳತೆ? ನಡೆಯೋ ಮನುಷ್ಯ ಒಂದು ಹಗಲಿಗೆ ಇದರ ಎರಡು ಮೂರು ಪಟ್ಟು ಹೋಗ್ತಾನೆ. ಗಾಡಿ ಇನ್ನೂ ಹೆಚ್ಚು ಹೋಗುತ್ತೆ. ಇಷ್ಟಕ್ಕೇ ಯಾರು ನಿಲ್ತಾರೆ?"

ಸಾಲಿನ ಮೊಟ್ಟಮೊದಲ ಸೂಜಿ, ಮೂಡಣ ತುದಿಯ ಮನೆ, ನಾವು ಆ ಬೇಸಿಗೆಯಲ್ಲಿ ಹೋಗಲಾಗದೆ ಬಿಟ್ಟದ್ದು. ಅಲ್ಲಿ ಒಬ್ಬ ಮುದುಕಿ ಇದ್ದಾಳೆ, ಕಿವಿ ಕೇಳಿಸುವುದಿಲ್ಲ, ಫೋನು ಎತ್ತುವುದಿಲ್ಲ. ಮಾವ ಮಾರನೇ ದಿನವೇ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬರೇ ಹೋದರು.

ವಾಪಸು ಬಂದವರು ಕೈಕಾಲು ತೊಳೆಯಲಿಲ್ಲ, ನೀರು ಕೇಳಲಿಲ್ಲ. ನೇರ ಹೋಗಿ ಹಿತ್ತಿಲ ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ಪಿಟೀಲು ಒಳಗೆ ಮಲಗಿದ್ದಳು.

"ಅಲ್ಲಿ ಚೌಕಟ್ಟಿನ ಮೇಲೆ ಗಾಯ ಇದೆ," ಅಂದರು. "ನೀನು ನೋಡಿದ್ರೆ ತಕ್ಷಣ ಹೇಳ್ತಿದ್ದೆ. ಚಿಲಕಾನ ಬಿಚ್ಚಿದ್ದಲ್ಲ. ಕಿತ್ತಿದ್ದು."

ಮುದುಕಿ ಹೇಳಿದ್ದನ್ನು ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಬಹಳ ಹಿಂದೆ ಆ ಕೇರಿಗೆ ಒಂದು ರೋಗ ಬಂದಿತ್ತು. ರೋಗದ ಮನೆಯಿಂದ ಬಂದವರಿಗೆ ಯಾರೂ ಬಾಗಿಲು ತೆರೆಯಕೂಡದು ಎಂದು ಕೇರಿಯವರೆಲ್ಲ ಕೂಡಿ ಮಾತಾಡಿಕೊಂಡರು. ಈಗ ಮುದುಕಿ ಇರುವ ಮನೆಯ ಹುಡುಗಿ ಪಿಟೀಲುವಿಗಿಂತ ಸ್ವಲ್ಪ ದೊಡ್ಡವಳು, ಚಿಕ್ಕಮ್ಮನ ಮನೆಗೆಂದು ಹೋಗಿದ್ದಳು. ಚಿಕ್ಕಮ್ಮನಿಗೆ ರೋಗ ಹತ್ತಿತು. ಹುಡುಗಿ ಹೆದರಿ, ಕತ್ತಲಾಗುವ ಹೊತ್ತಿಗೆ ತನ್ನ ಮನೆಗೆ ಓಡಿ ಬಂದು ಹಿಂಬಾಗಿಲು ತಟ್ಟಿದಳು. ಒಳಗೆ ತಾಯಿಯ ಎದೆಯ ಮೇಲೆ ಇನ್ನೊಂದು ಹಸುಗೂಸು. ತಾಯಿ ಚಿಲಕದ ಮೇಲೆ ಕೈಯಿಟ್ಟು ನಿಂತಳು, ತೆಗೆಯಲಿಲ್ಲ. ಹುಡುಗಿ ದನಿ ಹೋಗುವ ತನಕ ಕರೆದಳು. ಬೆಳಕು ಹರಿದ ಮೇಲೆ ತೆಗೆದು ನೋಡಿದರೆ ಮೆಟ್ಟಿಲ ಮೇಲೆ ಯಾರೂ ಇಲ್ಲ. ನದಿಯಲ್ಲೂ ಸಿಗಲಿಲ್ಲ, ಬಾವಿಯಲ್ಲೂ ಸಿಗಲಿಲ್ಲ.

"ನಮ್ಮ ಹೆಸರಿನ ಅರ್ಥ ಅದೇ," ಅಂದರು ಮಾವ. "ಆ ಕಡೆಯ ಹಳೇ ಮಾತಲ್ಲಿ ತೆರೆಯದವರು ಅಂತ. ಕೇರಿಯವರು ಇಟ್ಟಿದ್ದು. ತೆರೆಯಬೇಡ ಅಂದಿದ್ದೂ ಅವರೇ, ಆಡಿಕೊಂಡಿದ್ದೂ ಅವರೇ. ಅದೇ ಹೆಸರು ನಿಂತುಬಿಡ್ತು."

ಜನ ಯಾವತ್ತೂ ಹಾಗೇ. ನನಗೆ ಆ ಕೇರಿಯವರ ಮೇಲೂ ಸಿಟ್ಟು ಬಂತು, ಸತ್ತು ಮಣ್ಣಾದ ಆ ತಾಯಿಯ ಮೇಲೂ ಬಂತು.

"ಅವಳು ಚಿಲಕ ಕಿತ್ತು ಬಿಸಾಡಿದಳಂತೆ. ಆಮೇಲೆ ಮಗಳು ನಡೆದು ಹೋಗಿದಾಳೆ, ಎಲ್ಲೋ ಇದಾಳೆ, ರಾತ್ರಿ ಅವಳಿಗೊಂದು ಬಾಗಿಲು ಬೇಕು ಅಂತ ಹಿಡಿದಳು. ಅದೇ ವಯಸ್ಸಿನ ಒಂದು ಮಗೂನ ಕೈಹಿಡಿದು ರಸ್ತೆಗುಂಟ ನಡೆಸಿದಳು. ಬೆಳಿಗ್ಗೆ ಹೊರಟು, ಆ ಮಗು ಸಂಜೆ ಕಾಲು ಸೋತು ಎಲ್ಲಿ ಕೂತ್ಕೊಂಡಿತೋ ಅಲ್ಲಿ ಒಬ್ಬ ಮಗನಿಗೆ ಮನೆ ಕಟ್ಟಿಸಿದಳು. ಅಲ್ಲಿಂದ ಇನ್ನೊಂದು ಹಗಲು. ಅಲ್ಲೊಂದು ಮನೆ. ಆಮೇಲಿನವರಿಗೆ ಯಾಕೆ ಅಂತ ಮರೆತುಹೋಯ್ತು. ಮರೆತರೂ ಅಷ್ಟಷ್ಟೇ ದೂರಕ್ಕೆ ಹೋಗಿ ಕೂತಿದೀವಿ." ಅವರು ಕೈವಾರವನ್ನು ಜೇಬಿನಿಂದ ತೆಗೆದು ನೆಲದ ಮೇಲಿಟ್ಟರು. "ನಾನು ದೊಡ್ಡವರ ನಡಿಗೆ ಅಂದ್ಕೊಂಡು ತಲೆ ಕೆಡಿಸ್ಕೊಂಡಿದ್ದೆ."

ನಾನು ಗಿರಣಿ ಮನೆಯ ಚಿಲಕದ ಬಗ್ಗೆ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಕೈವಾರ ಬರಿಗಾಗದ ಮುಟ್ಟಿದ ಆ ಎರಡು ಜಾಗಗಳ ಸುದ್ದಿಯನ್ನೂ ಮುದುಕಿ ಹೇಳಿದ್ದಳು. ಅಲ್ಲಿ ಒಂದು ಮನೆಯವರು, ಮುದುಕಿಯ ತಾಯಿಯ ಕಾಲದಲ್ಲಿ, ಕಳ್ಳರ ಭಯಕ್ಕೆ ಹಿಂಬಾಗಿಲಿಗೆ ಅಗುಳಿ ಇಟ್ಟರು. ಆ ಹುಡುಗಿಯ ದನಿ ದೊಡ್ಡವರಿಗೆ ಕೇಳಿಸುವುದಿಲ್ಲ. ಅವಳ ಪರವಾಗಿ ಕರೆಯುವುದಕ್ಕೆಂದು ಪಕ್ಕದ ಮನೆಯ, ಅಂದರೆ ನಮ್ಮದೇ ಹೆಸರಿನ ಇನ್ನೊಂದು ಮನೆಯ, ಒಂದು ಮಗು ಜೊತೆಗೆ ನಡೆದು ಹೋಯಿತು. ಅಗುಳಿಯ ಮನೆಯವರು ಬಾಗಿಲು ತೆರೆಯಲಿಲ್ಲ. ಆ ಮಗು ಮರಳಿ ಬರಲಿಲ್ಲ. ಎರಡು ಮನೆಯವರೂ ಊರು ಬಿಟ್ಟರು, ಎಲ್ಲಿ ಹೋದರೋ ಯಾರಿಗೂ ಗೊತ್ತಿಲ್ಲ.

ನಾನು ಎದ್ದು ಪಿಟೀಲು ಮಲಗಿದ್ದ ಕೋಣೆಗೆ ಹೋದೆ. ಅವಳು ಎದ್ದೇ ಇದ್ದಳು.

"ಅಮ್ಮ, ನಾಳೆ ನಾನು ಅಕ್ಕನ ಜೊತೆ ಗಿರಣಿ ಮನೆಗೆ ಹೋಗ್ಲಾ? ಅವಳು ಕೂಗಿದ್ರೆ ಅವರಿಗೆ ಕೇಳ್ಸಲ್ಲ. ನಾನು ಕೂಗಿದ್ರೆ ಕೇಳ್ಸುತ್ತೆ."

ಬೇಡ, ನಾನೇ ಹೋಗಿ ತೆಗೆಸುತ್ತೇನೆ ಎಂದೆ. ಅವಳು ಪಕ್ಕಕ್ಕೆ ತಿರುಗಿ ಅದನ್ನೇ ಪಿಸುಗುಟ್ಟಿದಳು, ಕೇಳಿಸಿಕೊಂಡಳು, ಆಮೇಲೆ ನನ್ನ ಕಡೆ ನೋಡಿ ತಲೆಯಾಡಿಸಿದಳು. ಒಪ್ಪಿದಳೋ ಒಪ್ಪಲಿಲ್ಲವೋ ತಿಳಿಯಲಿಲ್ಲ.

ನಂಬಿದೆಯಾ ಎಂದು ಕೇಳಿದರೆ, ನಾನು ನಂಬುವ ಹೆಂಗಸಲ್ಲ. ಕೀಲಿ ತಿರುಗಿದರೆ ಬೀಗ ತೆರೆಯಬೇಕು, ಅಷ್ಟು ಮಾತ್ರ ನನ್ನ ನಂಬಿಕೆ. ಆದರೆ ಮಗಳ ವಿಷಯದಲ್ಲಿ ಪಂಥ ಕಟ್ಟುವಷ್ಟು ಧೈರ್ಯ ನನಗಿರಲಿಲ್ಲ. ಬೆಳಿಗ್ಗೆ ನಮ್ಮ ಹಿತ್ತಿಲ ಬಾಗಿಲಿಗೂ ಒಂದು ಚಿಲಕ ಜಡಿದು ಪಿಟೀಲುವನ್ನು ಒಳಗಿಟ್ಟು ಹೋಗೋಣ ಎಂದು ಸ್ಕ್ರೂಡ್ರೈವರ್ ಹಿಡಿದೆ. ಮಾವ ನನ್ನ ಕೈ ಹಿಡಿದರು.

"ಈಗ ಇಲ್ಲೂ ಹಾಕಿದ್ರೆ ಅವಳಿಗೆ ಎರಡು ಕಡೆಯೂ ಇಲ್ಲ. ಬೇಡ. ಪಿಟೀಲೂನ ನಾನು ನೋಡ್ಕೋತೀನಿ. ಕಣ್ಣು ಮಿಟುಕಿಸಲ್ಲ."

ಮಗಳು ಇನ್ನೂ ನಿದ್ದೆಯಲ್ಲಿದ್ದಳು. ಎಬ್ಬಿಸಲು ಮನಸ್ಸು ಬರದೆ ಹೊರಟುಬಿಟ್ಟೆ. ಹಳೇ ರಸ್ತೆಗೆ ಈಗ ಬಸ್ಸಿಲ್ಲ. ಹೊಸ ರಸ್ತೆ ಸುತ್ತುಬಳಸಿ ಪಟ್ಟಣದ ಮೇಲೆ ಹೋಗುತ್ತದೆ, ಅಲ್ಲಿ ಇಳಿದು ಇನ್ನೊಂದು ಬಸ್ಸು ಕಾಯಬೇಕು. ಆ ಬಸ್ಸು ಕೆಟ್ಟು ನಿಂತಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತು ಡ್ರೈವರನನ್ನೂ ಮೆಕ್ಯಾನಿಕ್ಕನ್ನೂ ನನ್ನ ಗಂಡನನ್ನೂ ಒಟ್ಟಿಗೇ ಬೈದುಕೊಂಡೆ. ಗಿರಣಿ ಮನೆ ತಲುಪಿದಾಗ ಬಿಸಿಲು ಆಗಲೇ ಹಳದಿಗೆ ತಿರುಗಿತ್ತು. ಗಂಡಸರು ಗಿರಣಿಯಲ್ಲಿದ್ದರು. ಸೊಸೆ ಕೂಸನ್ನು ಮಲಗಿಸುತ್ತಿದ್ದಳು.

ವಿಷಯವನ್ನು ಹೇಗೆ ಎತ್ತುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಎದುರಿಗೆ ಬಂದಾಗ ಎಲ್ಲ ಮರೆತು, ಆ ಚಿಲಕ ಬಿಚ್ಚಬೇಕು ಎಂದುಬಿಟ್ಟೆ. ಅವಳ ಮುಖ ಗಂಟಾಯಿತು.

"ಯಾಕೆ?"

ಹೇಳಿದೆ. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಹೇಳುವುದು ನನಗೆ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಅವಳಿಗೆ ಅದೆಲ್ಲ ಅರ್ಧ ಗೊತ್ತಿದ್ದಂತಿತ್ತು.

"ನೀವು ಚಿಲಕ ಹಾಕಿ ಹೋದ ಮೇಲೆ ಬಾಗಿಲು ತಟ್ಟೋದು ಶುರುವಾಯ್ತು ಅಕ್ಕ," ಅಂದಳು. "ಕತ್ತಲಾಗೋ ಹೊತ್ತಿಗೆ. ದಿನಾ ಅಲ್ಲ, ದಿನ ಬಿಟ್ಟು ದಿನ. ಕೆಳಗಡೆ, ನನ್ನ ಸೊಂಟದಷ್ಟು ಎತ್ತರದಲ್ಲಿ. ಮೊದಲು ತಟ್ತಿರಲಿಲ್ಲ. ಅಂದ್ರೆ ಏನರ್ಥ ಹೇಳಿ? ಮೊದಲು ಅದು ಸೀದಾ ಒಳಗೆ ಬರ್ತಿತ್ತು ಅಂತ ತಾನೇ? ನಾನು ಕೂಸನ್ನ ಪಕ್ಕದಲ್ಲಿ ಹಾಕ್ಕೊಂಡು ಮಲಗಿರ್ತಿದ್ದೆ, ಅದು ಇದೇ ಮನೆ ಒಳಗೆ ಓಡಾಡ್ತಿತ್ತು ಅಂತ ತಾನೇ?"

ಅವಳ ಜಾಗದಲ್ಲಿದ್ದರೆ ನಾನೂ ಇದೇ ಮಾತು ಹೇಳುತ್ತಿದ್ದೆ.

"ಅದು ಏನೂ ಮಾಡಲ್ಲ," ಅಂದೆ. "ಬರುತ್ತೆ, ಮಲಗುತ್ತೆ, ಹೋಗುತ್ತೆ. ಮಗು ಅದು."

"ನಿಮಗೆ ಗೊತ್ತಾ?"

"ನನ್ನ ಮಗಳಿಗೆ ಗೊತ್ತು."

"ನನ್ನ ಮಗಳಿಗೆ ಇನ್ನೂ ಮಾತೇ ಬರಲ್ಲ," ಅಂದಳು ಅವಳು, ಮತ್ತು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಚಿಲಕ ಅವಳ ಭುಜದ ಹಿಂದೆ ಹೊಳೆಯುತ್ತಿತ್ತು. ನಾನು ಗೋಗರೆದೆ, ಗದರಿಸಿದೆ, ಬೇಕಾದರೆ ಈ ಬಾಗಿಲ ಹತ್ತಿರ ನಾನೇ ಬಂದು ಮಲಗುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು.

ಆಗ ನನ್ನ ಫೋನು ಬಡಿದುಕೊಂಡಿತು. ಮಾವ. ಅವರ ದನಿ ಗುರುತೇ ಸಿಗಲಿಲ್ಲ.

"ಪಿಟೀಲು ಕಾಣ್ತಿಲ್ಲಮ್ಮ. ನೀನು ಹೋದ ಸ್ವಲ್ಪ ಹೊತ್ತಿಗೇ. ನಕ್ಷೆ ಮುಂದೆ ಕೂತಿದ್ದೆ, ಕಣ್ಣು ಹತ್ತಿಬಿಡ್ತು. ಅಕ್ಕಪಕ್ಕ ಎಲ್ಲಾ ಹುಡುಕಿದೆ, ನದಿ ತನಕ ಹೋಗಿ ಬಂದೆ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ." ಅವರು ಅಳುತ್ತಿದ್ದರು. "ಹಿಂಬಾಗಿಲು ತೆರೆದಿತ್ತು."

ಹಳೇ ರಸ್ತೆಗೆ ಓಡಬೇಕು ಎಂದು ಮುಂಬಾಗಿಲ ಕಡೆ ತಿರುಗಿದ್ದೆ, ಅಷ್ಟರಲ್ಲಿ ಹಿಂದಿನಿಂದ ಸದ್ದು ಬಂತು. ಕೆಳಗಡೆ, ಸೊಂಟದಷ್ಟು ಎತ್ತರದಲ್ಲಿ, ಅಂಗೈಯಿಂದ ತಟ್ಟುವ ಸದ್ದು. ಗಿರಣಿ ಮನೆಯ ಸೊಸೆ ಬಾಗಿಲಿಂದ ಬೆನ್ನು ಕಿತ್ತು, ತಿರುಗಿ, ಎರಡೂ ಕೈಯಿಂದ ಚಿಲಕ ಹಿಡಿದುಕೊಂಡಳು. ಇನ್ನೊಮ್ಮೆ ತಟ್ಟಿತು. ಈ ಸಲ ಜೊತೆಗೆ ದನಿಯೂ ಇತ್ತು.

"ಅಮ್ಮ. ಬಾಗಿಲು ತೆಗಿ."

ಪಿಟೀಲುವಿನ ದನಿ. ಅದೇ ರಾಗ. ಆದರೂ ನಾನು ಬಾಗಿಲಿಗೆ ಹೋಗಲಿಲ್ಲ. ನಾನು ಒಳಗಿರುವುದು ಅವಳಿಗೆ ಹೇಗೆ ಗೊತ್ತು? ಕಿಟಕಿಯಲ್ಲಿ ನನ್ನನ್ನು ನೋಡಿರಬಹುದು, ನಾನು ಇಲ್ಲಿಗೇ ಬರುವುದು ಗೊತ್ತಿದ್ದದ್ದೇ. ಅಥವಾ ಅದು ಅವಳ ದನಿಯನ್ನು ಎರವಲು ತಂದಿರಬಹುದು. ತೊಟ್ಟಿಲಲ್ಲಿ ಕೂಸು ಅಳತೊಡಗಿತು.

"ಅದು ನಿಮ್ಮ ಮಗಳಲ್ಲ," ಅಂದಳು ಸೊಸೆ. "ನಾನು ಯಾವತ್ತೂ ದನಿ ಕೇಳಿಲ್ಲ. ಇವತ್ತು ನೀವು ಬಂದಿದೀರ ಅಂತ ನಿಮ್ಮ ಮಗಳ ದನಿ ತಂದಿದೆ. ಯೋಚನೆ ಮಾಡಿ ಅಕ್ಕ. ಆ ಊರಿಂದ ಇಲ್ಲಿಗೆ ಅಷ್ಟು ಚಿಕ್ಕ ಮಗು ನಡೀತದಾ?"

ನಡೆಯುತ್ತದೆ. ಬೆಳಿಗ್ಗೆ ಹೊರಟರೆ ಕತ್ತಲಾಗುವ ಹೊತ್ತಿಗೆ ಸರಿಯಾಗಿ ಇಲ್ಲಿಗೇ, ಇಷ್ಟೇ ದೂರ ನಡೆಯುತ್ತದೆ.

ತೆರೆಯದವರು ಎಂಬ ಆ ಹೆಸರು ನನಗೆ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಲ್ಲಿ ಬಂದದ್ದು, ಎಲ್ಲ ಕಡೆ ಬರೆದಿದ್ದೇನೆ, ಮೈಗೆ ಹತ್ತಿರಲಿಲ್ಲ. ಹಿಡಿದ ಉಸಿರು ಬಿಡುವಷ್ಟು ಹೊತ್ತು ನಾನು ಅಲ್ಲಿ ಸುಮ್ಮನೆ ನಿಂತೆನಲ್ಲ, ಆಗ ಹತ್ತಿತು. ಆ ತಾಯಿಯ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅವಳಿಗೆ ಹೇಗಾಗಿತ್ತೆಂದು ನನಗೆ ಈಗ ಗೊತ್ತಿತ್ತು, ಗೊತ್ತಾಗಬಾರದಿತ್ತು.

ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವಳು ಬಿಗಿಯಾಗಿ ಹಿಡಿದಿದ್ದಳು, ಆದರೆ ನನ್ನ ಕೈ ಅವಳದಕ್ಕಿಂತ ಗಟ್ಟಿ. ಚಿಲಕ ಎಳೆದೆ. ನಾನೇ ಎಣ್ಣೆ ಬಿಟ್ಟದ್ದು, ಸದ್ದಿಲ್ಲದೆ ಜಾರಿತು.

ಮೆಟ್ಟಿಲ ಮೇಲೆ ಪಿಟೀಲು ನಿಂತಿದ್ದಳು. ಮೊಣಕಾಲ ತನಕ ಧೂಳು, ಒಂದು ಚಪ್ಪಲಿ ಇಲ್ಲ, ತುಟಿ ಒಣಗಿ ಬಿರಿದಿತ್ತು. ಬಲಗೈಯನ್ನು ಪಕ್ಕಕ್ಕೆ, ತನ್ನ ಭುಜಕ್ಕಿಂತ ತುಸು ಮೇಲಕ್ಕೆ ಎತ್ತಿ ಹಿಡಿದಿದ್ದಳು, ತನಗಿಂತ ಎತ್ತರದ ಯಾರದೋ ಕೈ ಹಿಡಿದಿರುವ ಮಕ್ಕಳು ಹಿಡಿಯುವ ಹಾಗೆ. ನಾನು ಮಂಡಿಯೂರಿ ಅವಳನ್ನು ಬಾಚಿಕೊಳ್ಳಲು ಹೋದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ತಡಿ ಅಮ್ಮ," ಅಂದಳು. "ಮೊದಲು ಅವಳು."

ನಾನು ಎದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.